ಅಕಿಹಬಾರದ ಕಾರ್ಡ್ ಅಂಗಡಿಯಲ್ಲಿ

ಟೋಕಿಯೊದ ಅಕಿಹಬಾರ ರೈಲು ನಿಲ್ದಾಣದ ಪಕ್ಕದಲ್ಲೇ ರೇಡಿಯೊ ಕೈಕಾನ್ ಎಂಬ ಕಟ್ಟಡವಿದೆ. ಎರಡನೇ ಮಹಾಯುದ್ಧದ ನಂತರ ರೇಡಿಯೊ ಬಿಡಿಭಾಗಗಳ ವ್ಯಾಪಾರಕ್ಕೆ ಹೆಸರಾದ ಈ ಪೇಟೆಯಲ್ಲಿ ಈಗ ಕಾಮಿಕ್ಸ್, ಗೊಂಬೆ, ಆಟದ ಕಾರ್ಡುಗಳದ್ದೇ ದರ್ಬಾರು. ಗಾಜಿನ ಕಪಾಟಿನಲ್ಲಿ ಒಂದೊಂದು ಕಾರ್ಡನ್ನೂ ಒಡವೆಯಂತೆ ಜೋಡಿಸಿಟ್ಟಿರುತ್ತಾರೆ.

ನನ್ನ ಹನ್ನೊಂದು ವರ್ಷದ ಮಗನಿಗೆ ‘ಯು-ಗಿ-ಓ’ ಹುಚ್ಚು. ಕಜುಕಿ ತಕಹಾಶಿ 1996ರಲ್ಲಿ ಶುರುಮಾಡಿದ ಚಿತ್ರಕಥೆಯಿಂದ ಹುಟ್ಟಿದ ಆಟವಿದು. ಇಬ್ಬರಿಗೂ ತಲಾ 8000 ಅಂಕ. ಮೊದಲು ಸೊನ್ನೆಗಿಳಿದವರು ಸೋತಂತೆ.

ಅಲ್ಲಿನ ಅಂಗಡಿಯೊಂದರಲ್ಲಿ ಆಡಲೆಂದೇ ಮೇಜುಗಳಿದ್ದವು. ಜಪಾನಿ ಹುಡುಗನೊಬ್ಬ ಜೊತೆಗೆ ಕೂತ. ಭಾಷೆ ಬಾರದಿದ್ದರೂ ಇಬ್ಬರಿಗೂ ಚಿತ್ರ ನೋಡಿದರೆ ಕಾರ್ಡು ಗೊತ್ತಾಗುತ್ತಿತ್ತು. ಆ ಹುಡುಗ ‘ರೈಗೆಕಿ’ ಇಳಿಸಿದ. ಎದುರಾಳಿಯ ರಾಕ್ಷಸರನ್ನೆಲ್ಲ ಅಳಿಸುವ ಮಂತ್ರವದು. ಮಗ ತಕ್ಷಣ ಮುಚ್ಚಿಟ್ಟಿದ್ದ ‘ಮಿಸ್ಟಿಕಲ್ ಸ್ಪೇಸ್ ಟೈಫೂನ್’ ತಿರುವಿ ಆ ಕಾರ್ಡನ್ನೇ ನಾಶಮಾಡಿದ. ಆದರೂ ಹುಡುಗ, ನಿನ್ನ ರಾಕ್ಷಸರನ್ನು ತೆಗೆ ಎಂದು ಕೈಸನ್ನೆ ಮಾಡಿದ.

“ಅಪ್ಪಾ, ಇವನು ಮೋಸ ಮಾಡ್ತಿದಾನೆ!” ಮಗನ ಕಣ್ಣಲ್ಲಿ ನೀರು.

ಮಾತು ಅರ್ಥವಾಗದಿದ್ದರೂ ಹುಡುಗನ ಮುಖ ಬಾಡಿತು. ಅಂಗಡಿಯಾತ ಬಂದು ಮೊಬೈಲಿನ ಅನುವಾದದ ನೆರವಿನಿಂದ ನಿಯಮ ತಿಳಿಸಿದ. ಒಂದಕ್ಕೊಂದು ಉತ್ತರವಾಗಿ ಇಳಿಸಿದ ಕಾರ್ಡುಗಳು ಸರಪಳಿಯಾಗುತ್ತವೆ. ಕೊನೆಗೆ ಬಂದದ್ದು ಮೊದಲು ಫಲಿಸುತ್ತದೆ. ಒಟ್ಟಿದ ದೋಸೆಯಲ್ಲಿ ಮೇಲಿನದು ಮೊದಲು ತಟ್ಟೆಗೆ ಬಂದಂತೆ. ಟೈಫೂನ್ ಮೊದಲು ಫಲಿಸಿ ಕಾರ್ಡನ್ನು ಕೆಡವಿತು, ನಿಜ. ಆದರೆ ಮಂತ್ರ ಆಗಲೇ ಹೇಳಿಯಾಗಿತ್ತು. ಕಾರ್ಡು ನಾಶವಾದರೆ ಮಂತ್ರ ರದ್ದಾಗುವುದಿಲ್ಲ! ರದ್ದುಮಾಡಲು ‘ಸಾಲೆಮ್ ಜಡ್ಜ್‌ಮೆಂಟ್’ನಂಥ ಕಾರ್ಡೇ ಬೇಕು. ಅದನ್ನು ಹಿಂದಿನ ಸರದಿಯಲ್ಲೇ ಮುಚ್ಚಿಟ್ಟಿರಬೇಕು. ಬಳಸಿದರೆ ನಮ್ಮ ಅಂಕದಲ್ಲಿ ಅರ್ಧ ಹೋಗುತ್ತದೆ.

ಮಗ ತಲೆ ತಗ್ಗಿಸಿದ. “ಸಾರಿ ಅನ್ನೋಕೆ ಏನನ್ನಬೇಕಪ್ಪಾ?” ನಾನು ಹೇಳಿಕೊಟ್ಟೆ. “ಗೊಮೆನ್” ಎಂದ. ಹುಡುಗ ನಕ್ಕು ಮತ್ತೆ ಕಾರ್ಡು ಕಲಸಿದ.

ಎರಡನೇ ಆಟದಲ್ಲಿ ಹುಡುಗ ಸಣ್ಣದೊಂದು ಮಂತ್ರ ಇಳಿಸಿದಾಗ ಮಗನ ಕೈ ಮುಚ್ಚಿಟ್ಟ ಕಾರ್ಡಿನತ್ತ ಹೋಗಿ, ತಡೆದು, ಹಿಂದೆ ಬಂತು. ರೈಗೆಕಿ ಮತ್ತೆ ಬಂದಾಗಲೇ ಅವನು ‘ಜಡ್ಜ್‌ಮೆಂಟ್’ ತಿರುವಿದ್ದು. 6000 ಇದ್ದ ಅಂಕ 3000ಕ್ಕೆ ಇಳಿಯಿತು; ರಾಕ್ಷಸರು ಉಳಿದರು. ಎದುರಿನ ಹುಡುಗನೇ ಚಪ್ಪಾಳೆ ತಟ್ಟಿದ.

ಕೊನೆಗೆ ಸೋತದ್ದು ನನ್ನ ಮಗನೇ. ಆದರೂ ಇಬ್ಬರೂ ಬಾಗಿ ವಂದಿಸಿದರು. ರೈಲಿನಲ್ಲಿ ಮಗ ಕೇಳಿದ: “ಅಪ್ಪಾ, ನಾಳೆನೂ ಅಲ್ಲಿಗೇ ಹೋಗೋಣ್ವಾ?”