ಆಯಾನ ಹೆಸರೇನು?

1/7
ಹೋದ ವಾರ ಸ್ಟೋರಿಯಲ್ಲಿ ಒಂದು ಪ್ರಶ್ನೆ ಹಾಕಿದ್ದೆ: "ನಿಮ್ಮ ಮೊದಲನೇ ಟೀಚರ್ ಯಾರು?" ಬಹಳ ಮಂದಿ ಒಂದನೇ ಕ್ಲಾಸಿನ ಸರ್ ಹೆಸರು ಬರೆದ್ರಿ. ಕೆಲವರು ಎಲ್‌ಕೆಜಿ ಮಿಸ್ ಅಂದ್ರಿ. ಅಂಗನವಾಡಿ ಅಂತ ಬರೆದವರು ಇಬ್ಬರೇ. ಆ ಇಬ್ಬರಿಗೂ ಟೀಚರ್ ಹೆಸರು ನೆನಪಿಲ್ಲ. ನಗಬ್ಯಾಡ್ರಿ, ನನಗೂ ಇರಲಿಲ್ಲ.

ಈ ಫೋಟೋದಲ್ಲಿ ಕಾಣೋ ಕೋಣೆ ತೆಂಗಳಿಯಲ್ಲಿ ನಾನು ಹೋಗುತ್ತಿದ್ದ ಅಂಗನವಾಡಿ. ನೆಲಕ್ಕೆ ಫರ್ಸಿ ಕಲ್ಲು, ಗೋಡೆ ಮೇಲೆ ಅ ಆ ಇ ಈ, ಮೂಲೆಯಲ್ಲಿ ಮಕ್ಕಳನ್ನ ತೂಗೋ ತಕ್ಕಡಿ. ಇದನ್ನ ನಡೆಸೋರು ಇಬ್ಬರು. ಸರ್ಕಾರದ ಕಾಗದದಲ್ಲಿ ಒಬ್ಬರು "ಕಾರ್ಯಕರ್ತೆ", ಇನ್ನೊಬ್ಬರು "ಸಹಾಯಕಿ". ನಮ್ಮ ಬಾಯಲ್ಲಿ ಟೀಚರ್ ಮತ್ತು ಆಯಾ.

ಇವತ್ತು ಆ ಇಬ್ಬರ ಬಗ್ಗೆ ಬರೀತೀನಿ. ಉದ್ದ ಅದ, ಏಳು ಭಾಗ. ಕಾಲೇಜಿಗೆ ಹೋಗೋ ಬಸ್ಸಿನಲ್ಲಿ ಕೂತು ಓದ್ರಿ. ಸೀಟು ಸಿಕ್ಕರೆ!

2/7
ಮೊದಲು ನಮ್ಮ ಭಾಗ ಗೊತ್ತಿಲ್ಲದವರಿಗೆ ಎರಡು ಮಾತು. ತೆಂಗಳಿ ಕಲಬುರಗಿ ಜಿಲ್ಲೆಯ ಊರು. ಕಾಳಗಿ, ಚಿತ್ತಾಪುರ, ಸೇಡಂ ನಮ್ಮ ಸುತ್ತಲಿನ ದೊಡ್ಡ ಊರುಗಳು. ಈ ಸೀಮೆ ಅಂದ್ರೆ ತೊಗರಿ ಹೊಲ, ಕಲ್ಲಿನ ಗಣಿ, ಸಿಮೆಂಟ್ ಫ್ಯಾಕ್ಟರಿ. ಸೇಡಂ ದಾಟಿ ಮುಂದೆ ಹೋದ್ರೆ ತೆಲಂಗಾಣ. 1948ರ ತನಕ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಇದ್ದವರು. ಹಂಗಾಗಿ ಈ ಕಡೆ ಒಂದೇ ಮಾತು ಇಲ್ಲ. ಕನ್ನಡ ಅದ, ಉರ್ದು ಅದ, ತಾಂಡಾದಲ್ಲಿ ಲಂಬಾಣಿ ಅದ, ಗಡಿ ಕಡೆಯಿಂದ ಬಂದ ಮನೆಗಳಲ್ಲಿ ತೆಲುಗು ಅದ.

ಹೊಸ ಮಕ್ಕಳು ಬರೋ ಜೂನ್ ತಿಂಗಳಲ್ಲಿ ಅಂಗನವಾಡಿ ಬಾಗಿಲ ಮುಂದೆ ನಿಂತು ಕೇಳ್ರಿ. ಒಂದು ಮಗು "ಅವ್ವಾ" ಅಂತ ಅಳ್ತದ. ಒಂದು "ಅಮ್ಮೀ" ಅಂತದ. ತಾಂಡಾದ್ದು "ಯಾಡಿ" ಅಂತದ. ತೆಲುಗು ಮಗು "ಅಮ್ಮಾ" ಅಂತದ. ಎಲ್ಲರೂ ಕರೆಯೋದು ತಾಯಿಯನ್ನೇ. ಆಯಾ ಹೋಗಿ ಆ ಮಗುವಿನ ಮಾತಿನಲ್ಲೇ ಸಮಾಧಾನ ಮಾಡ್ತಾರೆ. ಅವರು ಶಾಲೆ ಓದಿದ್ದು ಕಡಿಮೆ. ಆದ್ರೆ ನಾಲ್ಕು ಭಾಷೆಯಲ್ಲಿ "ಅಳಬ್ಯಾಡ, ಬರ್ತಾಳ" ಅನ್ನೋದು ಬರ್ತದ. ಎಲ್ಲಿ ಕಲಿತ್ರಿ ಅಂತ ಕೇಳಿದ್ದೆ. "ಅತ್ತ ಮಕ್ಕಳ ಹತ್ರಾನೇ" ಅಂದ್ರು.

ತಾಂಡಾದ ಕೆಲವು ಮನೆಯವರು ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ ಕಡೆ ದುಡಿಯೋಕೆ ಹೋಗ್ತಾರೆ, ಮಕ್ಕಳೂ ಜತೆಗೆ. ಆ ಹೆಸರುಗಳನ್ನ ಟೀಚರ್ ಹಾಜರಿಯಿಂದ ಹೊಡೆದು ಹಾಕ್ತಿರಲಿಲ್ಲ. ಯುಗಾದಿ ಆದ ಮೇಲೆ ಆ ಹುಡುಗ ವಾಪಸ್ ಬಂದ್ರೆ "ಎಲ್ಲಿ ಹೋಗಿದ್ಯೋ ರಾಜಾ" ಅಂತ ಹೆಸರು ಹಿಡಿದು ಕರೀತಿದ್ರು. ನಿನ್ನೆ ತಾನೇ ಹೋಗಿ ಬಂದಂಗ.

3/7
"ಅಂಗನವಾಡಿ" ಅನ್ನೋ ಹೆಸರು ಎಲ್ಲಿಂದ ಬಂತು ಗೊತ್ತಾ? ಅಂಗಣ ಅಂದ್ರೆ ಅಂಗಳ. ತಾರಾಬಾಯಿ ಮೋಡಕ್ ಅಂತ ಒಬ್ಬ ಶಿಕ್ಷಣತಜ್ಞೆ ಇದ್ರು. ಅವರು, ಅವರ ಶಿಷ್ಯೆ ಅನುತಾಯಿ ವಾಘ್, ಇಬ್ಬರೂ 1945ರಿಂದ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಆಮೇಲೆ ಕೋಸಬಾಡದ ಗುಡ್ಡದಲ್ಲಿ ಬಡ ಮಕ್ಕಳಿಗೆ, ವಾರ್ಲಿ ಆದಿವಾಸಿಗಳ ಮಕ್ಕಳಿಗೆ ಬಾಲವಾಡಿ ನಡೆಸಿದ್ರು. ಮಕ್ಕಳು ಬಾಲವಾಡಿ ತನಕ ಬರಲಿಲ್ಲ. ಸರಿ, ನಾವೇ ಅವರ ಅಂಗಳಕ್ಕೆ ಹೋಗೋಣ ಅಂತ ಹೋದ್ರು. ಅಲ್ಲಿಂದ ಅಂಗನವಾಡಿ.

1975ರ ಅಕ್ಟೋಬರ್ 2ಕ್ಕೆ ಸರ್ಕಾರ ದೇಶದ 33 ಕಡೆ ಐಸಿಡಿಎಸ್ ಯೋಜನೆ ಶುರು ಮಾಡಿತು. ನಮ್ಮ ರಾಜ್ಯದಲ್ಲಿ ಮೊದಲು ಶುರುವಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಯೋಜನೆಯಲ್ಲಿ ಆರು ಸೇವೆ: ಪೌಷ್ಟಿಕ ಆಹಾರ, ಶಾಲೆಗೆ ಮುಂಚಿನ ಕಲಿಕೆ, ಲಸಿಕೆ, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳುವಳಿಕೆ, ದೊಡ್ಡಾಸ್ಪತ್ರೆಗೆ ಕಳಿಸೋದು. ಲಸಿಕೆ ಹಾಕೋಕೆ ನರ್ಸಮ್ಮ ಬರ್ತಾರೆ, ಆಶಾ ಅಕ್ಕ ಬರ್ತಾರೆ. ಆದ್ರೆ ಮಕ್ಕಳನ್ನ ಸೇರಿಸಿ ಕೂಡ್ಸೋದು, ಬರೆದಿಡೋದು, ಅಡುಗೆ, ಪಾಠ, ಕಸಗುಡಿಸೋದು ಎಲ್ಲಾ ಆ ಇಬ್ಬರದೇ.

ಮಕ್ಕಳು ಬರದಿದ್ರೆ ಅಂಗಳಕ್ಕೆ ಹೋಗೋದು ನಮ್ಮ ಆಯಾನೂ ಮಾಡ್ತಾರೆ. ಬೆಳಗ್ಗೆ ಮನೆ ಮನೆ ಮುಂದೆ ನಿಂತು ಕೂಗ್ತಾರೆ. ತಾರಾಬಾಯಿ ಹೆಸರು ಅವರಿಗೆ ಗೊತ್ತಿಲ್ಲ.

4/7
ಈಗ ನಮ್ಮ ಮನೆ ಕಥೆ. ನನ್ನ ತಮ್ಮ ಮೂರು ವರ್ಷ ಆದ್ರೂ ಮಾತಾಡಲಿಲ್ಲ. ಕರೆದ್ರೆ ಓಗೊಡ್ತಿರಲಿಲ್ಲ. "ಗಂಡು ಹುಡುಗ, ತಡಾ ಮಾತಾಡ್ತಾನ. ನಿಮ್ಮ ಮುತ್ಯಾನೂ ಹಂಗೇ" ಅಂತ ಮನೆಯಲ್ಲಿ ಎಲ್ಲರೂ ಅಂದ್ರು. ಹಟಮಾರಿ ಅಂತ ನಾನೂ ಒಂದೆರಡು ಸಲ ಹೊಡೆದೀನಿ.

2017ರಲ್ಲಿ ಅವನನ್ನ ಅಂಗನವಾಡಿಗೆ ಹಾಕಿದ್ವಿ. ಊಟದ ಹೊತ್ತಿಗೆ ಆಯಾ ತಾಟು ಇಡೋ ಸಪ್ಪಳ ಆದ್ರೆ ಎಲ್ಲಾ ಮಕ್ಕಳು ತಿರುಗಿ ನೋಡ್ತಾವ. ಇವನು ಮಾತ್ರ ನೋಡ್ತಿರಲಿಲ್ಲ. ಇದನ್ನ ಮೊದಲು ಗುರುತಿಸಿದ್ದು ಆಯಾ. ಟೀಚರ್ ಮೂರು ದಿನ ಬೇರೆ ಬೇರೆ ಕಡೆ ನಿಂತು ಚಪ್ಪಾಳೆ ಹೊಡೆದು ನೋಡಿದ್ರು. ಆಮೇಲೆ ಒಂದು ಸಂಜೆ ನಮ್ಮ ಮನೆಗೆ ಬಂದ್ರು.

"ತಂಗಿ, ಸಿಟ್ಟಿಗಿ ಬರಬ್ಯಾಡ. ನಿನ್ನ ಮಗ ಹಟಮಾರಿ ಅಲ್ಲ. ಅವಗ ಸರಿಯಾಗಿ ಕೇಳ್ಸಂಗಿಲ್ಲ ಅನಸ್ತದ."

ಅವ್ವಗೆ ಸಿಟ್ಟು ಬಂದೇ ಬಂತು. ನಾಲ್ಕು ದಿನ ತಮ್ಮನನ್ನ ಕಳಿಸಲಿಲ್ಲ. ನಾಲ್ಕೂ ದಿನ ಆಯಾ ಬಂದು ಮನೆ ಮುಂದೆ ನಿಂತು ಕರೆದ್ರು, ಬೈಸಿಕೊಂಡು ಹೋದ್ರು. ಐದನೇ ದಿನ ತಮ್ಮ ತಾನೇ ಓಡಿ ಹೋಗಿ ಅವರ ಕೈ ಹಿಡಿದ.

ಅಂಗನವಾಡಿ ಮಕ್ಕಳನ್ನ ವರ್ಷಕ್ಕೆ ಎರಡು ಸಲ ತಪಾಸಣೆ ಮಾಡೋಕೆ ವೈದ್ಯರ ತಂಡ ಬರಬೇಕು ಅಂತ ನಿಯಮ ಅದ. ಆ ತಂಡ ಬಂದಾಗ ಟೀಚರ್ ಎಲ್ಲರಿಗಿಂತ ಮೊದಲು ತಮ್ಮನನ್ನ ಮುಂದೆ ನಿಲ್ಲಿಸಿದ್ರು. ಅವರು ಕಲಬುರಗಿಗೆ ಬರೆದು ಕೊಟ್ಟರು. ಪರೀಕ್ಷೆ ಆಯ್ತು. ಎರಡೂ ಕಿವಿ ಮಂದ. ಕಿವಿಗೆ ಮಷೀನ್ ಬಂತು.

ಅಲ್ಲಿಂದ ಟೀಚರ್ ಹಾಡು ಹೇಳಿಕೊಡೋ ರೀತಿಯೇ ಬದಲಾಯ್ತು. ಆನೆ ಬಂದ್ರೆ ಸೊಂಡಿಲು, ಮಳೆ ಬಂದ್ರೆ ಬೆರಳು, ಪ್ರತಿ ಸಾಲಿಗೂ ಕೈಸನ್ನೆ. ತಮ್ಮ ಒಬ್ಬನಿಗೆ ಅಂತ ಅಲ್ಲ, ಎಲ್ಲರಿಗೂ. ಕನ್ನಡ ಇನ್ನೂ ಬರದ ತಾಂಡಾದ ಮಕ್ಕಳು ಆ ಸನ್ನೆ ನೋಡೇ ಹಾಡು ಕಲಿತವು. ಅಂಗವಿಕಲ ಮಕ್ಕಳನ್ನ ಅಂಗನವಾಡಿಯಲ್ಲಿ ಹೇಗೆ ನೋಡ್ಕೋಬೇಕು ಅಂತ ಕೇಂದ್ರ ಸರ್ಕಾರ ಮಾರ್ಗಸೂಚಿ ತಂದದ್ದು 2023ರ ನವೆಂಬರ್‌ನಲ್ಲಿ. ಬೇಗ ಗುರುತಿಸ್ರಿ, ಎಲ್ಲರ ಜತೆ ಕೂಡಿಸ್ರಿ, ಆಸ್ಪತ್ರೆಗೆ ಕಳಿಸ್ರಿ ಅಂತ ಅದರ ಸಾರ. ನಮ್ಮ ಟೀಚರ್ ಆ ಮೂರನ್ನೂ ಆರು ವರ್ಷ ಮೊದಲೇ ಮಾಡಿ ಮುಗಿಸಿದ್ರು.

5/7
ಈ ಭಾಗ ಬರೆದು, ಅಳಿಸಿ, ಮತ್ತೆ ಬರೆದೀನಿ. ಅವ್ವನ ಕೇಳೇ ಹಾಕ್ಲತ್ತೀನಿ.

ನಾನು ಅಂಗನವಾಡಿಗೆ ಹೋಗುವಾಗ ನನಗೆ ಮನೆಯಿಂದ ಡಬ್ಬಿ ಕಟ್ಟಿ ಕಳಿಸ್ತಿದ್ರು. ಎಲ್ಲರೂ ಅಲ್ಲಿ ಮಾಡಿದ ಅನ್ನ ಸಾರು ಉಂಡ್ರೆ ನಾನು ಡಬ್ಬಿ ಉಣ್ತಿದ್ದೆ. ಯಾಕೆ ಅಂದ್ರೆ, ಆಯಾನ ಓಣಿ ಬೇರೆ. ಇಷ್ಟು ಅಂದ್ರೆ ಸಾಕಲ್ಲ, ನಿಮಗೆ ಗೊತ್ತಾಗ್ತದ.

ಆ ಡಬ್ಬಿ ಮುಚ್ಚಳ ಬಹಳ ಬಿಗಿ. ನನ್ನ ಕೈಲಿ ಆಗ್ತಿರಲಿಲ್ಲ. ದಿನಾ ತೆಗೆದು ಕೊಡ್ತಿದ್ದವರು ಆಯಾ. ಅವರ ಕೈ ಅಡುಗೆ ನಾನು ಉಣ್ಣಬಾರದು ಅಂತ ಕಟ್ಟಿದ ಡಬ್ಬಿ, ಅವರ ಕೈಯಿಂದಲೇ ತೆಗೆಸಿಕೊಂಡು ಮೂರು ವರ್ಷ ಉಂಡೀನಿ. ಒಂದು ದಿನವೂ ಒಂದು ಮಾತು ಅಂದವರಲ್ಲ.

2017ರ ಅಕ್ಟೋಬರ್ 2ಕ್ಕೆ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಬಂತು. ಬಸುರಿ, ಬಾಣಂತಿಯರು ಮಧ್ಯಾಹ್ನ ಅಂಗನವಾಡಿಗೇ ಬಂದು ಬಿಸಿ ಊಟ ಮಾಡಬೇಕು. ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ, ಜತೆಗೆ ಕಬ್ಬಿಣದ ಗುಳಿಗೆ. ಆಗ ನನ್ನ ತಂಗಿ ಅವ್ವನ ಹೊಟ್ಟೆಯಲ್ಲಿ. ಅವ್ವ ಹೋಗ್ತಿದ್ದಳು, ಗುಳಿಗೆ ತಗೊಂಡು, "ಇವತ್ತು ಉಪವಾಸ" ಅಂತ ಹೇಳಿ ಬರ್ತಿದ್ದಳು. ವಾರದಲ್ಲಿ ಏಳು ದಿನ ಉಪವಾಸ.

ತಮ್ಮನ ಕಿವಿ ತೋರ್ಸೋಕೆ ಕಲಬುರಗಿಗೆ ಹೋಗಬೇಕಾದ ದಿನ ಅಪ್ಪ ಪುಣೆಯಲ್ಲಿ ಇದ್ದ. ಅವ್ವಗೆ ಏಳು ತಿಂಗಳು. ಜತೆಗೆ ಹೋದವರು ಆಯಾ. ಬೆಳಗ್ಗೆ ಹೋದವರಿಗೆ ಚೀಟಿ, ಸಾಲು, ಪರೀಕ್ಷೆ ಮುಗಿಯೋದ್ರಲ್ಲಿ ಮಧ್ಯಾಹ್ನ ಮೂರು ದಾಟಿತ್ತು. ಬಸ್‌ಸ್ಟ್ಯಾಂಡ್‌ನಲ್ಲಿ ಕೂತಾಗ ಆಯಾ ತಮ್ಮ ಗಂಟು ಬಿಚ್ಚಿದ್ರು. ಜೋಳದ ರೊಟ್ಟಿ, ಶೇಂಗಾ ಹಿಂಡಿ. ತಮ್ಮನಿಗೆ ಮುರಿದು ಕೊಟ್ಟು, ಅವ್ವನ ಕಡೆ ನೋಡದೆ ಅಂದ್ರಂತೆ: "ನಿನಗ ಬ್ಯಾಡಂದ್ರ ಬಾಳೆಹಣ್ಣು ತರ್ತೀನಿ, ಕೂಡು."

ಅವ್ವ ಕೈ ಚಾಚಿ ರೊಟ್ಟಿ ತಗೊಂಡಳು.

"ಯಾಕ ತಗೊಂಡಿ?" ಅಂತ ಈಗ ಕೇಳಿದ್ರೆ ಅವ್ವ ದೊಡ್ಡ ಮಾತೇನೂ ಆಡಲ್ಲ. "ಹಸಿವಾಗಿತ್ತು" ಅಂತಾಳ. ಮರುದಿನದಿಂದ ಉಪವಾಸ ಮುಗೀತು. ತಾಂಡಾದವರು, ಮಸೂತಿ ಓಣಿಯವರು, ಆಯಾನ ಓಣಿಯವರು ಎಲ್ಲರ ಸಾಲಿನಲ್ಲಿ ಅವ್ವನೂ ತಾಟು ಹಿಡಿದು ಕೂತಳು. ತಮ್ಮಗಾಗಲಿ ತಂಗಿಗಾಗಲಿ ಡಬ್ಬಿ ಕಟ್ಟಲಿಲ್ಲ. ನನ್ನ ಹಳೇ ಡಬ್ಬಿಯಲ್ಲಿ ಈಗ ಸಾಸಿವಿ ಇರ್ತದ.

ನಮ್ಮ ಮನೆ ಪೂರಾ ಬದಲಾಯ್ತು ಅಂತ ಸುಳ್ಳು ಹೇಳಲ್ಲ. ಆಯಾ ನಮ್ಮ ಮನೆಗೆ ಬಂದ್ರೆ ಇವತ್ತಿಗೂ ಹೊರಗೆ ಕಟ್ಟೆ ಮೇಲೇ ಕೂಡ್ತಾರೆ. "ಒಳಗ ಬರ್ರಿ" ಅಂದೆ ಒಂದು ಸಲ. "ಇರಲಿ ಬಿಡು, ಗಾಳಿ ಚಂದ ಅದ" ಅಂದ್ರು. ಅವ್ವ ಸುಮ್ಮನೆ ನಿಂತಿದ್ದಳು. ಆ ಗಾಳಿ ನೆನಪಾದ್ರೆ ನನಗೆ ಇನ್ನೂ ಸಂಕಟ ಆಗ್ತದ.

6/7
ಬಿಕಾಂ ಓದೋರು ಇದನ್ನ ಗಮನ ಇಟ್ಟು ಓದ್ರಿ, ಲೆಕ್ಕ ಅದ.

2021ರಿಂದ ಅಂಗನವಾಡಿ ದಾಖಲೆಯೆಲ್ಲ ಪೋಷಣ್ ಟ್ರ್ಯಾಕರ್ ಅನ್ನೋ ಆ್ಯಪ್‌ನಲ್ಲಿ ಹಾಕಬೇಕು. ಹಾಜರಿ, ತೂಕ, ಎತ್ತರ, ರೇಷನ್ ಎಲ್ಲಾ. ನೆಟ್‌ವರ್ಕ್ ಇಲ್ಲದಾಗ ಟೀಚರ್ ಫೋನ್ ಹಿಡಿದು ಮಾಳಿಗೆ ಹತ್ತೋದು ನೋಡಿ, ರಜೆ ದಿನ ನಾನು ಹೋಗಿ ಸಹಾಯ ಮಾಡ್ಲತ್ತೀನಿ. ಅವರ ದಾಸ್ತಾನು ಪುಸ್ತಕ ನೋಡಿದೆ. ಅಕ್ಕಿ, ಬೇಳೆ, ಎಣ್ಣೆ ಗ್ರಾಂ ಲೆಕ್ಕದಲ್ಲಿ ತಾಳೆ ಆಗ್ತದ. ನನ್ನ ಪ್ರಾಕ್ಟಿಕಲ್ ರೆಕಾರ್ಡ್ ಅಷ್ಟು ಚೊಕ್ಕ ಇಲ್ಲ.

ಇಷ್ಟು ಮಾಡೋರಿಗೆ ಬರೋದು ಸಂಬಳ ಅಲ್ಲ, "ಗೌರವಧನ". ಸರ್ಕಾರದ ಪ್ರಕಾರ ಅವರು ಗೌರವ ಕಾರ್ಯಕರ್ತೆಯರು. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಗೊತ್ತು ಮಾಡಿದ ದರ ತಿಂಗಳಿಗೆ ಕಾರ್ಯಕರ್ತೆಗೆ 4,500 ರೂಪಾಯಿ, ಸಹಾಯಕಿಗೆ 2,250. ಅದರ ಮೇಲೆ ರಾಜ್ಯ ತನ್ನದು ಸೇರಿಸಿ ಕೊಡ್ತದ. ಇವರಿಗೂ ಗ್ರಾಚ್ಯುಟಿ ಹಕ್ಕು ಅದ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಗ್ರಾಚ್ಯುಟಿ ಕಾಯ್ದೆ ಬಂದದ್ದು 1972ರಲ್ಲಿ. ನಡುವೆ ಎಷ್ಟು ವರ್ಷ, ನೀವೇ ಕಳೆದು ನೋಡ್ರಿ.

ನಮ್ಮ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯೋಕೆ ಹೊರಟಾಗ, 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿಗೆ ಹೋಗಿ ಧರಣಿ ಕೂತ್ರು. ಮಕ್ಕಳು ಹೋದ್ರೆ ನಾವು ಯಾರಿಗೆ ಟೀಚರ್ ಅನ್ನೋ ಪ್ರಶ್ನೆ ಅವರದು. "ಕಲಿಲಿ ಬಿಡ್ರಿ, ಇಂಗ್ಲಿಷ್ ಬರ್ತದ" ಅಂತ ನಾನೇ ಆಗ ಅಂದಿದ್ದೆ. ಈಗ ಅಷ್ಟು ಸಲೀಸಾಗಿ ಅನ್ನೋಕಾಗಲ್ಲ. ಇಂಗ್ಲಿಷ್ ಬೇಕು, ಖರೇ. ಆದ್ರೆ ತಾಟಿನ ಸಪ್ಪಳಕ್ಕೆ ತಿರುಗದ ಮಗುವನ್ನ ಗುರುತಿಸೋ ಕಣ್ಣೂ ಬೇಕು.

ಕೊಡಬೇಕಾದ ಸಂಬಳ ಬಾಕಿ ಇದ್ರೆ ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆ ಅಂತ ತೋರಿಸಬೇಕು ಅಂತ ಸರ್ ಕಲಿಸಿದ್ರು. ಕೊಡಬೇಕಾದ ಗೌರವ ಬಾಕಿ ಇದ್ರೆ ಯಾವ ಕಡೆ ಬರೀಬೇಕು?

7/7
ಈ ಕೊನೆಯ ಫೋಟೋ ಆಯಾನ ಕೈ. ಮುಖ ಹಾಕಬ್ಯಾಡ ಅಂದ್ರು, ಹಾಕಿಲ್ಲ.

ಹೋದ ತಿಂಗಳು ಆ್ಯಪ್‌ನಲ್ಲಿ ವಿವರ ತುಂಬುವಾಗ ಪರದೆ ಮೇಲೆ ಸಹಾಯಕಿ ಹೆಸರು ಬಂತು. ಯಾರಿದು ಅಂತ ಟೀಚರ್‌ನ ಕೇಳಿಬಿಟ್ಟೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದ್ರು. ಒಳಗೆ ಆಯಾ ಪಾತ್ರೆ ತೊಳೀತಿದ್ರು. ನನ್ನ ಡಬ್ಬಿ ತೆಗೆದವರು, ನನ್ನ ತಮ್ಮನ ಕಿವಿ ಉಳಿಸಿದವರು. ಇಪ್ಪತ್ತು ವರ್ಷ ಆದ್ರೂ ಅವರ ಹೆಸರು ನನಗೆ ಗೊತ್ತಿರಲಿಲ್ಲ.

ಒಳಗೆ ಹೋಗಿ ಹೆಸರು ಹಿಡಿದು, ಮುಂದೆ "ಅಕ್ಕ" ಅಂತ ಸೇರಿಸಿ ಕರೆದೆ. ತಿರುಗಿ ನೋಡಲಿಲ್ಲ. ಬೇರೆ ಯಾರನ್ನೋ ಕರೀಲತ್ತಾನ ಅಂದ್ಕೊಂಡಿದ್ರು. ಎರಡನೇ ಸಲ ಕರೆದ ಮೇಲೆ ಸೆರಗಿಗೆ ಕೈ ಒರೆಸ್ಕೊಂಡು ನಕ್ಕರು. "ಇಷ್ಟ್ ದಿನಾ ಆದ ಮ್ಯಾಲ ಹೆಸರ ಯಾಕಪಾ?" ಅಂದ್ರು.

ಹೆಸರು ಇಲ್ಲಿ ಬರೆಯಲ್ಲ, ಅದು ಅವರು ಒಪ್ಪಿದ ಮೇಲಿನ ಮಾತು. ಆದ್ರೆ ನಿಮಗೊಂದು ಕೆಲಸ. ಈ ಭಾನುವಾರ ನಿಮ್ಮ ಓಣಿಯ ಅಂಗನವಾಡಿ ಆಯಾ ಸಿಕ್ರೆ ಹೆಸರು ಕೇಳ್ರಿ. ಟೀಚರ್ ಫೋನ್ ಹಿಡಿದು ಒದ್ದಾಡ್ಲತ್ತಿದ್ರೆ ಹತ್ತು ನಿಮಿಷ ಕೂಡ್ರಿ. ಕಾಲೇಜಿನಲ್ಲಿ ಯಾರಿಗಾದ್ರೂ ಉತ್ತರ ಬರದಿದ್ರೆ "ಅಂಗನವಾಡಿಗೆ ಹೋಗು" ಅಂತ ಚೇಷ್ಟೆ ಮಾಡ್ತೀವಲ್ಲ, ಅದನ್ನ ಬಿಡ್ರಿ. ನಾನಂತೂ ಬಿಟ್ಟೀನಿ. ವಾರಕ್ಕೊಂದು ಸಲ ಅಲ್ಲಿಗೆ ಹೋಗ್ತೀನಿ.

#ತೆಂಗಳಿ #ಅಂಗನವಾಡಿ #ನಮ್ಮಕಲಬುರಗಿ #ಆಯಾನಹೆಸರು