ಬೇಕಾದ್ರೆ ಟಿಕ್ ಮಾಡಿ

ಏನು ಕೆಲಸ ಅಂತ ಯಾರಾದರೂ ಕೇಳಿದರೆ "ಇನ್ಶೂರೆನ್ಸ್" ಅಂದುಬಿಡುತ್ತೇನೆ. ಇವಳೆಲ್ಲಿ ಪಾಲಿಸಿ ಮಾಡಿಸಿ ಅಂತ ಗಂಟುಬೀಳ್ತಾಳೋ ಅಂತ ಅವರು ತಕ್ಷಣ ಮಾತು ಬದಲಿಸ್ತಾರೆ. ಒಳ್ಳೇದೇ. ನಿಜ ಹೇಳಿದರೆ ಅರ್ಧ ಗಂಟೆ ವಿವರಿಸಬೇಕಾಗುತ್ತೆ. ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನಲ್ಲಿ ಕೂತು ನಾನು ಅಮೆರಿಕದ ಪೊಲೀಸರ ಇನ್ಶೂರೆನ್ಸ್ ಫೈಲುಗಳನ್ನು ನೋಡ್ತೀನಿ. ಅವರ ಆರೋಗ್ಯದ್ದಲ್ಲ, ಅವರ ಕಾರಿನದ್ದೂ ಅಲ್ಲ. ಅವರು ಯಾರನ್ನಾದರೂ ಹೊಡೆದರೆ, ತಪ್ಪು ಮನೆಗೆ ನುಗ್ಗಿದರೆ, ತಪ್ಪು ಮನುಷ್ಯನನ್ನು ಒಳಗೆ ಹಾಕಿದರೆ, ಆತ ಕೋರ್ಟಿಗೆ ಹೋದರೆ, ಆ ಖರ್ಚಿನದ್ದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಂಗೂ ಇದು ತಮಾಷೆ ಅನಿಸಿತ್ತು. ಆದರೆ ಅಲ್ಲಿನ ವ್ಯವಸ್ಥೆಯೇ ಬೇರೆ. ಇಡೀ ದೇಶದಲ್ಲಿ ಸುಮಾರು 18,000 ಪೊಲೀಸ್ ಇಲಾಖೆಗಳಿವೆ, ಒಂದೊಂದು ಊರಿಗೆ ಒಂದೊಂದು. ಹತ್ತು ಜನ ಪೊಲೀಸರೂ ಇಲ್ಲದ ಇಲಾಖೆಗಳೇ ಹತ್ತಿರಹತ್ತಿರ ಅರ್ಧದಷ್ಟು. ಪೊಲೀಸರಿಂದ ಹಕ್ಕು ಕಳೆದುಕೊಂಡವರು ಅವರ ಮೇಲೆ ಕೇಸ್ ಹಾಕೋಕೆ 1871ರ ಒಂದು ಕಾನೂನು ಇದೆ. ಊರಾಡಳಿತದ ನೀತಿ ಅಥವಾ ರೂಢಿಯಿಂದಲೇ ತಪ್ಪಾಗಿದ್ದರೆ ಊರಿನ ಮೇಲೂ ಕೇಸ್ ಹಾಕಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿತು. ದೊಡ್ಡ ನಗರಗಳು ತಮ್ಮ ಖಜಾನೆಯಿಂದಲೇ ಕೊಡುತ್ತವೆ. ಜಾರ್ಜ್ ಫ್ಲಾಯ್ಡ್ ಕುಟುಂಬಕ್ಕೆ 2021ರಲ್ಲಿ ಮಿನಿಯಾಪೊಲಿಸ್ ನಗರ 2.7 ಕೋಟಿ ಡಾಲರ್ ಕೊಡಲು ಒಪ್ಪಿತಲ್ಲ, ಹಾಗೆ. ಸಣ್ಣ ಊರುಗಳಿಗೆ ಅಷ್ಟು ತಾಕತ್ತಿಲ್ಲ. ಅವು ನಮ್ಮಂಥವರ ಹತ್ತಿರ ಬರುತ್ತವೆ.

ಮೂಲ ಪಾಲಿಸಿ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಮಜಾ ಇರೋದು ಅದರ ಕೆಳಗಿನ ಚೌಕಗಳಲ್ಲಿ. ಬೇಕಾದ್ರೆ ಟಿಕ್ ಮಾಡಿ, ಜಾಸ್ತಿ ದುಡ್ಡು ಕೊಡಿ. ದುಡ್ಡು ಕೇಳದೆ "ನಿಮ್ಮ ಪದ್ಧತಿ ಬದಲಿಸಿ" ಅಂತಷ್ಟೇ ಯಾರಾದರೂ ಕೇಸ್ ಹಾಕಿದರೆ ವಕೀಲರ ಫೀಸಿಗೆ ಒಂದು ಚೌಕ. ಪೊಲೀಸ್ ನಾಯಿ ಸತ್ತರೆ ಇನ್ನೊಂದು. ದಂಡದ ರೂಪದ ಪರಿಹಾರಕ್ಕೆ ಮತ್ತೊಂದು, ಆದರೆ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಅದನ್ನು ಕೊಡೋ ಹಾಗಿಲ್ಲ. ದಂಡವನ್ನೂ ಇನ್ಶೂರೆನ್ಸ್ ಕಟ್ಟಿದರೆ ಅದು ದಂಡ ಹೇಗಾಗುತ್ತೆ ಅನ್ನೋದು ಅವರ ವಾದ. ನಂಗೂ ಸರಿ ಅನಿಸುತ್ತೆ.

ನನಗೆ ಇಷ್ಟವಾದ ಚೌಕ ಮೂನ್‌ಲೈಟಿಂಗ್. ನಮ್ಮ ಐಟಿಯವರು ಕದ್ದುಮುಚ್ಚಿ ಎರಡನೇ ಕೆಲಸ ಮಾಡ್ತಾರಲ್ಲ, ಅದೇ ಪದ. ಅಲ್ಲಿ ಪೊಲೀಸರು ಅದನ್ನು ರಾಜಾರೋಷವಾಗಿ ಮಾಡ್ತಾರೆ. ಡ್ಯೂಟಿ ಮುಗಿಸಿ, ಎಷ್ಟೋ ಸಲ ಅದೇ ಯೂನಿಫಾರ್ಮಿನಲ್ಲಿ, ಅಂಗಡಿ ಬಾಗಿಲಲ್ಲಿ ಸೆಕ್ಯೂರಿಟಿಗೆ ನಿಲ್ಲುತ್ತಾರೆ. ಅಲ್ಲಿ ಯಾರನ್ನೋ ಕೆಡವಿ ಕೈ ಮುರಿದರೆ ಕೆಡವಿದ್ದು ಪೊಲೀಸೋ ವಾಚ್‌ಮನ್ನೋ? ವಕೀಲರು ವರ್ಷಗಟ್ಟಲೆ ಜಗಳ ಆಡಬಹುದಾದ ಪ್ರಶ್ನೆ. ಅದಕ್ಕೇ ಆ ಚೌಕ. ಅದೂ ಇಲಾಖೆ ಮೊದಲೇ ಅನುಮತಿ ಕೊಟ್ಟ ಕೆಲಸಕ್ಕೆ ಮಾತ್ರ.

ಹೋದ ತಿಂಗಳು ಒಂದು ರಿನ್ಯೂವಲ್ ಬಂತು. ಊರಿನ ಹೆಸರು ಹೇಳೋ ಹಾಗಿಲ್ಲ. ಹನ್ನೊಂದು ಜನ ಪೊಲೀಸರು. ಪ್ರೀಮಿಯಂ ಏರಿದೆ, ಮೂನ್‌ಲೈಟಿಂಗ್ ತೆಗೆದುಬಿಡಿ ಅಂತ ಬ್ರೋಕರ್ ಮೇಲ್. ಜೊತೆಗೆ ಲಾಸ್ ರನ್, ಅಂದರೆ ಐದು ವರ್ಷದ ಕ್ಲೇಮುಗಳ ಪಟ್ಟಿ. ಅದರಲ್ಲಿ ಒಂದು ಸಾಲು: ಬಲಪ್ರಯೋಗ, ವಯಸ್ಸು 17, ಎಡಗೈ ಮಣಿಕಟ್ಟು, ಇತ್ಯರ್ಥ. ಪಕ್ಕದಲ್ಲಿ ಮೊತ್ತ. ದಿನಕ್ಕೆ ಇಂಥವು ಇಪ್ಪತ್ತು ನೋಡ್ತೀನಿ. ಅವತ್ತು ಯಾಕೋ ಮೌಸ್ ಮುಂದಕ್ಕೆ ಹೋಗಲಿಲ್ಲ.

ಅಪ್ಪ ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಊಟ ಬೇಡ ಅಂತ ಕೂತಿದ್ದರು. ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಹೇಳಿಕೊಂಡಿದ್ದು ನನಗೆ ಕೇಳಿಸಿತ್ತು. ಪಂಪ್‌ಸೆಟ್ ಕಳವಿನ ಅನುಮಾನದ ಮೇಲೆ ಒಬ್ಬ ಹುಡುಗನನ್ನು ಠಾಣೆಗೆ ತಂದಿದ್ದರು. ಹೊಡೆದದ್ದು ಇನ್ನೊಬ್ಬರು. ಹಿಡಿದುಕೊಂಡಿದ್ದು ಅಪ್ಪ. ಕೈ ಮುರಿಯಿತು. ನಾಲ್ಕು ದಿನಕ್ಕೆ ಮೋಟರು ಬೇರೆ ಕಡೆ ಸಿಕ್ಕಿತು, ಹುಡುಗನನ್ನು ಮನೆಗೆ ಕಳಿಸಿದರು. ಅವನ ತಾಯಿಯ ಕೈಗೆ ಅಪ್ಪ ಜೇಬಿನಿಂದ ಇನ್ನೂರು ರೂಪಾಯಿ ಕೊಟ್ಟರಂತೆ. ಆ ಕೇಸಿನ ಒಟ್ಟು ಪರಿಹಾರ ಅಷ್ಟೇ. ಠಾಣೆಯ ಯಾವ ಡೈರಿಯಲ್ಲೂ ಆ ಹುಡುಗ ಬಂದದ್ದೇ ಇಲ್ಲ.

ಭಾನುವಾರ ಊರಿಗೆ ಹೋದಾಗ ಕಾಫಿ ಕುಡೀತಾ ನನ್ನ ಕೆಲಸವನ್ನು ಮೊದಲ ಸಲ ಸರಿಯಾಗಿ ವಿವರಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಹೊಡಿಯೋಕೆ ಲೈಸೆನ್ಸ್ ಕೊಟ್ಟಂಗಾಯ್ತಲ್ಲಮ್ಮ" ಅಂದರು.

"ಹಾಗೇನಿಲ್ಲಪ್ಪ. ಜಾಸ್ತಿ ಹೊಡೆದ್ರೆ ಕಂಪನಿ ಕೈ ಬಿಡುತ್ತೆ" ಅಂದೆ. ಕ್ಯಾಲಿಫೋರ್ನಿಯಾದ ಮೇವುಡ್ ಅನ್ನೋ ಸಣ್ಣ ಊರಿನ ಕಥೆ ಹೇಳಿದೆ. ಪೊಲೀಸರ ಮೇಲಿನ ಕ್ಲೇಮುಗಳು ಅತಿಯಾಗಿ ಊರಿನ ಇನ್ಶೂರೆನ್ಸ್ ಹೋಯಿತು, 2010ರಲ್ಲಿ ಇಡೀ ಪೊಲೀಸ್ ಇಲಾಖೆಯನ್ನೇ ಮುಚ್ಚಿದರು, ಕೌಂಟಿಯ ಶೆರಿಫ್ ಬಂದು ನೋಡಿಕೊಳ್ಳಬೇಕಾಯಿತು. ಬೆನ್ನಟ್ಟುವ ನಿಯಮ ಏನು, ಟ್ರೈನಿಂಗ್ ಆಗಿದೆಯಾ ಅಂತ ಕಂಪನಿಗಳು ಪ್ರಶ್ನೆ ಕೇಳೋದನ್ನೂ ಹೇಳಿದೆ.

"ಹೊಡೆದೋನ ಸಂಬಳದಲ್ಲಿ ಎಷ್ಟು ಹಿಡೀತಾರೆ?"

ಅಲ್ಲಿ ನಾನು ಸಿಕ್ಕಿಬಿದ್ದೆ. ಜೋವಾನಾ ಶ್ವಾರ್ಟ್ಸ್ ಅನ್ನೋ ಕಾನೂನು ಪ್ರೊಫೆಸರ್ ಇದನ್ನೇ ಲೆಕ್ಕ ಹಾಕಿದ್ದಾರೆ. 44 ದೊಡ್ಡ ಇಲಾಖೆಗಳ ಆರು ವರ್ಷದ ಅಂಕಿಅಂಶದಲ್ಲಿ, ಸಂತ್ರಸ್ತರಿಗೆ ಸಿಕ್ಕ ಹಣದಲ್ಲಿ ಪೊಲೀಸರ ಸ್ವಂತ ಜೇಬಿನಿಂದ ಹೋದದ್ದು ಶೇಕಡ 0.02. ಅಪ್ಪನ ಇನ್ನೂರು ರೂಪಾಯಿ ಆ ಲೆಕ್ಕದಲ್ಲಿ ದೊಡ್ಡ ಮೊತ್ತವೇ.

ನಮ್ಮಲ್ಲೂ ಸರ್ಕಾರ ಪರಿಹಾರ ಕೊಟ್ಟದ್ದುಂಟು. ಒಡಿಶಾದಲ್ಲಿ ಪೊಲೀಸ್ ವಶದಲ್ಲಿ ಸತ್ತ ಮಗನಿಗಾಗಿ ನೀಲಬತಿ ಬೆಹೆರಾ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು, 1993ರಲ್ಲಿ ಒಂದೂವರೆ ಲಕ್ಷ ಕೊಡಿ ಅಂತ ಆದೇಶ ಆಯಿತು. ಆದರೆ ಅದಕ್ಕೆ ಒಂದು ಹೆಣ ಬೇಕಾಯಿತು. ಮುರಿದ ಕೈ ಹಿಡಕೊಂಡು ಯಾರು ಸುಪ್ರೀಂ ಕೋರ್ಟಿಗೆ ಹೋಗ್ತಾರೆ?

"ಆ ಹದಿನೇಳರ ಹುಡುಗಂಗೆ ಎಷ್ಟು ಕೊಟ್ರು?" ಅಪ್ಪ ಕೇಳಿದರು. ರೂಪಾಯಿಯಲ್ಲಿ ಹೇಳಿದೆ. ಲೋಟ ಕೆಳಗಿಟ್ಟರು. ಪಂಪ್‌ಸೆಟ್ ಹುಡುಗನ ಹೆಸರು ನಾನು ಎತ್ತಿರಲಿಲ್ಲ, ಎತ್ತೋ ಧೈರ್ಯವೂ ಇರಲಿಲ್ಲ. ಅವರೇ ಅಂದರು, "ನಮ್ ಹುಡುಗಂದು ಬಲಗೈ. ಈಗ ಸಂತೇಲಿ ತರಕಾರಿ ಇಟ್ಕಂಡವ್ನೆ. ನನ್ನ ಕಂಡ್ರೆ ಈಗ್ಲೂ ಎದ್ದು ನಿಂತ್ಕತಾನೆ."

"ನೀನು ಏನಂತೀಯ ಅವನಿಗೆ?"

"ಏನನ್ಲಿ? ಚೌಕಾಸಿ ಮಾಡ್ದೆ ತಗಂಡ್ ಬತ್ತೀನಿ."

ಸೋಮವಾರ ಬಂದು ಆ ಫೈಲ್ ತೆರೆದೆ. ಅಂಗಡಿ ಬಾಗಿಲಿನ ಡ್ಯೂಟಿಯನ್ನೂ ನಿಲ್ಲಿಸ್ತಿದ್ದಾರಾ ಅಂತ ಬ್ರೋಕರ್‌ಗೆ ಕೇಳಿದೆ. ಅದು ನನ್ನ ಕೆಲಸವಲ್ಲ, ಆದರೂ ಕೇಳಿದೆ. ಇಲ್ಲ, ಅದು ಮುಂದುವರಿಯುತ್ತೆ, ಚೌಕ ಮಾತ್ರ ತೆಗೆಯಿರಿ ಅಂತ ಒಂದು ಸಾಲಿನ ಉತ್ತರ ಬಂತು. ತೆಗೆದೆ. ಆ ಮೇಲ್ ಅನ್ನು ಮಾತ್ರ ಫೈಲಿಗೆ ಸೇರಿಸಿ ಇಟ್ಟಿದ್ದೇನೆ.