ಒಲೆಯೊಳಗಿನ ನೀರು

ನಮ್ಮ ಕಾಸರಗೋಡಿನ ಕಡೆ ಮನೆ ಕಟ್ಟಲು ಹೊರಟರೆ ಹಿರಿಯರು ಮೊದಲು ಕೇಳುವುದು "ನೀರು ಹೋಗಲಿಕ್ಕೆ ದಾರಿ ಎಲ್ಲಿ?" ಅಂತ. ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ ಹೊಯ್ಯುವ ಊರಿನಲ್ಲಿ ಇದು ಸಹಜವೇ. ಆದರೆ ಉರಿಯುವ ಒಲೆಗೂ ಒಂದು ಚರಂಡಿ ಬೇಕು, ಆ ಚರಂಡಿ ಕಟ್ಟಿಕೊಂಡರೆ ಒಲೆಯೇ ಆರುತ್ತದೆ ಅಂದರೆ ನೀವು ನಂಬುತ್ತೀರಾ? ನಮ್ಮ ಮಕ್ಕಳು ನಂಬಲಿಲ್ಲ. ಆ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇವೆ. ನಾವು ಅಂದರೆ ನಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸುವ ಇಬ್ಬರು.

ಒಂದರಿಂದ ಹತ್ತರವರೆಗೆ ನಮ್ಮಲ್ಲೇ ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗಿಯೊಬ್ಬಳು ಈಗ ಇಂಗ್ಲೆಂಡಿನಲ್ಲಿ ನರ್ಸ್. 2022ರ ಡಿಸೆಂಬರಿನಲ್ಲಿ ಅಲ್ಲಿ ವಾರಕ್ಕೂ ಹೆಚ್ಚು ಕಾಲ ಕೊರೆಯುವ ಚಳಿ ಬಿತ್ತು. ಒಂದು ಭಾನುವಾರ ಮಧ್ಯಾಹ್ನ ನಮಗೆ ಫೋನ್ ಬಂತು, ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಬಾಡಿಗೆ ಮನೆಯ ಬಾಯ್ಲರ್ ರಾತ್ರಿ ಬುಳುಬುಳು ಸದ್ದು ಮಾಡಿ ನಿಂತುಬಿಟ್ಟಿದೆ. ಗಂಡ ರಾತ್ರಿ ಪಾಳಿಯಿಂದ ಇನ್ನೂ ಬಂದಿಲ್ಲ. ಮನೆಯಲ್ಲಿ ನಾಲ್ಕು ತಿಂಗಳ ಮಗು. ರಿಪೇರಿಯವರಿಗೆ ಬಿಡುವಿರುವುದು ಎರಡು ದಿನ ಕಳೆದ ಮೇಲೆ!

ಬಾಯ್ಲರಿನ ಕೈಪಿಡಿಯನ್ನು ಅವಳು ಆಗಲೇ ಓದಿದ್ದಳು. "ಕಂಡೆನ್ಸೇಟ್ ಪೈಪು ಹೆಪ್ಪುಗಟ್ಟಿರಬಹುದು, ಬೆಚ್ಚಗಿನ ನೀರು ಹೊಯ್ಯಿರಿ" ಅಂತ ಅದರಲ್ಲಿತ್ತು. ಅವಳ ಪ್ರಶ್ನೆ ಬೇರೆಯೇ. "ಮಾಷ್ಟ್ರೇ, ಇದು ಗ್ಯಾಸ್ ಒಲೆ. ಗ್ಯಾಸ್ ಒಲೆಯಿಂದ ನೀರು ಯಾಕೆ ಬರುತ್ತದೆ? ಏನು ಅಂತ ಗೊತ್ತಿಲ್ಲದ ಪೈಪನ್ನು ಮಗು ಇರುವ ಮನೆಯಲ್ಲಿ ನಾನು ಮುಟ್ಟುವುದು ಹೇಗೆ?"

ಎಷ್ಟು ಸರಿಯಾದ ಪ್ರಶ್ನೆ ನೋಡಿ! ಉತ್ತರ ಅವಳು ಕಲಿತ ಪಾಠದಲ್ಲೇ ಇತ್ತು. ಅಲ್ಲಿ ಉರಿಸುವ ಅಡಿಲಿನ ಅನಿಲದ ಮುಖ್ಯ ಭಾಗ ಮೀಥೇನ್. ಒಂದು ಅಣು ಮೀಥೇನ್ ಉರಿದರೆ ಒಂದು ಅಣು ಇಂಗಾಲದ ಡೈ ಆಕ್ಸೈಡ್, ಎರಡು ಅಣು ನೀರು. ತೂಕದಲ್ಲಿ ಹೇಳುವುದಾದರೆ 16 ಗ್ರಾಂ ಮೀಥೇನಿನಿಂದ 36 ಗ್ರಾಂ ನೀರು. ಒಂದು ಕಿಲೋ ಉರಿದರೆ ಎರಡೂಕಾಲು ಕಿಲೋ ನೀರು! ಹಳೆಯ ಬಾಯ್ಲರುಗಳಲ್ಲಿ ಇದು ಆವಿಯಾಗಿ ಹೊಗೆಕೊಳವೆಯಿಂದ ಹಾರಿಹೋಗುತ್ತಿತ್ತು. ಹಾರಿಹೋಗುವಾಗ ತನ್ನೊಳಗೆ ಅಡಗಿದ ಬಿಸಿಯನ್ನೂ ಹೊತ್ತೊಯ್ಯುತ್ತಿತ್ತು. ನಾವು ಗುಪ್ತೋಷ್ಣ ಎನ್ನುವುದು ಇದನ್ನೇ, ಪಕ್ಕದ ಕ್ಲಾಸಿನ ಮಲಯಾಳಂ ಮಾಷ್ಟ್ರು ಲೀನತಾಪ ಎನ್ನುವುದೂ ಇದನ್ನೇ. ಒಂದು ಗ್ರಾಂ ನೀರನ್ನು ಸೊನ್ನೆಯಿಂದ ಕುದಿಯುವವರೆಗೆ ಕಾಯಿಸಲು 100 ಕ್ಯಾಲರಿ ಸಾಕು. ಆ ಕುದಿನೀರನ್ನು ಆವಿ ಮಾಡಲು ಇನ್ನೂ 540 ಕ್ಯಾಲರಿ ಬೇಕು. ಆವಿ ಮತ್ತೆ ನೀರಾಗುವಾಗ ಆ ಸಾಲ ಪೂರ್ತಿ ವಾಪಸು.

ಈ ಸಾಲ ವಸೂಲಿಯೇ ಹೊಸ ಬಾಯ್ಲರುಗಳ ಗುಟ್ಟು. ರೇಡಿಯೇಟರುಗಳಿಂದ ತಣಿದು ಬಂದ ನೀರಿನ ಕೊಳವೆಗಳ ಮೇಲೆ ಹೊಗೆಯನ್ನು ಹಾಯಿಸುತ್ತಾರೆ. ಆ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಆವಿ ಅದರ ಮೇಲೆ ಬೆವರಿ, ತನ್ನ ಬಿಸಿಯನ್ನು ಬಿಟ್ಟುಕೊಡುತ್ತದೆ. ಗ್ಯಾಸು ಉಳಿಯುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರುಗಳು, ಕೆಲವು ವಿನಾಯಿತಿ ಬಿಟ್ಟರೆ, ಈ ಜಾತಿಯವೇ ಆಗಿರಬೇಕೆಂದು ನಿಯಮವಾಯಿತು. ಆದರೆ ಬೆವರಿದ ನೀರು ಎಲ್ಲಿಗಾದರೂ ಹೋಗಬೇಕಲ್ಲ? ಜೋರಾಗಿ ಉರಿಯುವಾಗ ಗಂಟೆಗೆ ಎರಡು ಲೀಟರಿನ ಆಸುಪಾಸು ಇಳಿಯುತ್ತದೆ. ಅದಕ್ಕೇ ಆ ಪ್ಲಾಸ್ಟಿಕ್ ಪೈಪು.

ಇಷ್ಟನ್ನು ಫೋನಿನಲ್ಲಿ ಹೇಳಿದೆವು. ಗ್ಯಾಸಿನದು ಲೋಹದ ಪೈಪು, ಅದರ ತಂಟೆಗೆ ಹೋಗಬೇಡ. ಬಾಯ್ಲರಿನ ಮುಚ್ಚಳ ತೆರೆಯಬೇಡ. ಸ್ವಿಚ್ಚು ಆರಿಸಿ, ಕೈಪಿಡಿಯ ಚಿತ್ರ ಹಿಡಿದುಕೊಂಡು, ಬಾಯ್ಲರಿನ ಬುಡದಿಂದ ಗೋಡೆ ದಾಟಿ ಹೊರಗಿನ ಚರಂಡಿಗೆ ಇಳಿಯುವ ಪ್ಲಾಸ್ಟಿಕ್ ಪೈಪು ಯಾವುದು ನೋಡು. ಎತ್ತರದಲ್ಲಿದ್ದರೆ ಏಣಿ ಹತ್ತಬೇಡ, ನೆಲದಲ್ಲಿ ನಿಂತು ಕೈಗೆ ಸಿಗುವಷ್ಟಕ್ಕೆ ಮಾತ್ರ ಹೊಯ್ಯಿ. ಕುದಿಯುವ ನೀರು ಬೇಡ, ಪೈಪು ಒಡೆದೀತು. ನೆಲಕ್ಕೆ ಬಿದ್ದ ನೀರು ಮತ್ತೆ ಮಂಜುಗಡ್ಡೆಯಾಗಿ ಕಾಲು ಜಾರೀತು, ಉಪ್ಪು ಎರಚು.

ಮೂರು ಕೆಟಲ್ ನೀರು ಹಿಡಿಯಿತಂತೆ. ಕೊನೆಗೆ ಪೈಪಿನ ಬಾಯಿಯಿಂದ ಬೆರಳುದ್ದದ ಮಂಜಿನ ಕಡ್ಡಿಯೊಂದು ಜಾರಿ ಬಿತ್ತು, ಹಿಂದೆಯೇ ನೀರು. ರೀಸೆಟ್ ಒತ್ತಿದಳು, ಉರಿ ಹತ್ತಿತು. ಅರ್ಧ ಗಂಟೆಯ ಮೇಲೆ "ಮಗು ಮಲಗಿತು" ಅಂತ ಸಂದೇಶ ಬಂತು. ಆಗ ನಮಗೂ ಊಟ ಸೇರಿತು.

ಮರುದಿನ ಈ ಕತೆಯನ್ನು ಕ್ಲಾಸಿನಲ್ಲಿ ಹೇಳಿದೆವು. ಮೊದಲಿಗೆ ಯಾರೂ ನಂಬಲಿಲ್ಲ ಅಂದೆವಲ್ಲ? "ಬೆಂಕಿಯಿಂದ ನೀರು ಬರುವುದುಂಟಾ?" ಅಂತ ಹಿಂದಿನ ಬೆಂಚಿನಲ್ಲಿ ನಗು. ಶಾಲೆಯ ಬಿಸಿಯೂಟದ ಅಡುಗೆ ಕೋಣೆಗೆ ಕರೆದುಕೊಂಡು ಹೋದೆವು. ಒರೆಸಿ ಒಣಗಿಸಿದ ತಣ್ಣನೆಯ ಸ್ಟೀಲ್ ಪಾತ್ರೆಗೆ ತಣ್ಣೀರು ತುಂಬಿ ಗ್ಯಾಸ್ ಉರಿಯ ಮೇಲಿಟ್ಟೆವು. ಪಾತ್ರೆಯ ಹೊರಮೈಗೆ ಮಸುಕು ಹಿಡಿಯಿತು, ಸಣ್ಣ ಹನಿಗಳು ಮೂಡಿದವು, ಪಾತ್ರೆ ಬಿಸಿಯಾಗುತ್ತಲೇ ಮಾಯವಾದವು. ನೀವೂ ಇವತ್ತೇ ಮಾಡಿ ನೋಡಬಹುದು. ಆ ಹನಿಗಳು ಪಾತ್ರೆಯೊಳಗಿಂದ ಸೋರಿದ್ದಲ್ಲ, ಉರಿಯಲ್ಲೇ ಹುಟ್ಟಿದ್ದು.

ಆಮೇಲೆ ಪ್ರಶ್ನೆಗಳ ಸುರಿಮಳೆ. ಹೊರಗಿನ ಪೈಪೇ ಯಾಕೆ ಹೆಪ್ಪುಗಟ್ಟಬೇಕು? ಸಣ್ಣಗೆ ತೊಟ್ಟಿಕ್ಕುವ ನೀರು ಕೊರೆಯುವ ಪೈಪಿನಲ್ಲಿ ಮುಂದೆ ಹೋಗುವಷ್ಟರಲ್ಲೇ ಗಡ್ಡೆಯಾಗುತ್ತದೆ, ಪದರದ ಮೇಲೆ ಪದರ ಕೂಡಿ ಬಾಯಿ ಮುಚ್ಚುತ್ತದೆ. ನೀರು ಹಿಂದಕ್ಕೆ ಏರಿ ಬಾಯ್ಲರಿಗೆ ಬಂದಾಗ ಆ ಬುಳುಬುಳು. ಅಪಾಯವಾಗುವ ಮೊದಲೇ ಯಂತ್ರ ತಾನಾಗಿ ನಿಲ್ಲುತ್ತದೆ. ಹೀಗಾಗಬಾರದೆಂದೇ ಅನೇಕ ಬಾಯ್ಲರುಗಳ ಒಳಗೆ ಒಂದು ಸೈಫನ್ ಇರುತ್ತದೆ. ಅದು ನೀರನ್ನು ಕೂಡಿಟ್ಟು ಒಮ್ಮೆಲೇ ಬಿಡುತ್ತದೆ. ಒಮ್ಮೆಲೇ ಹರಿದ ನೀರಿಗೆ ಗಡ್ಡೆಯಾಗಲು ಪುರುಸೊತ್ತಿಲ್ಲ. ಜೊತೆಗೆ ಅದರ ಬಾಗಿನಲ್ಲಿ ಸದಾ ನಿಂತಿರುವ ನೀರು ಹೊಗೆ ಮನೆಯೊಳಗೆ ನುಗ್ಗದಂತೆ ತಡೆಯುತ್ತದೆ, ನಮ್ಮ ಕಕ್ಕಸಿನ ಬಾಗಿನಲ್ಲಿ ನಿಂತ ನೀರು ವಾಸನೆ ತಡೆದ ಹಾಗೆ. 2010ರ ಡಿಸೆಂಬರು ಬ್ರಿಟನ್ನಿನಲ್ಲಿ ನೂರು ವರ್ಷಗಳಲ್ಲೇ ಅತಿ ಚಳಿಯ ಡಿಸೆಂಬರು. ಆಗ ಇಂಥ ಪೈಪುಗಳು ಊರೂರಲ್ಲಿ ಹೆಪ್ಪುಗಟ್ಟಿ ಮನೆಗಳು ತಣ್ಣಗಾದವು. ಪಾಠ ಕಲಿತರು. ಪೈಪನ್ನು ಆದಷ್ಟು ಮನೆಯೊಳಗೇ ಒಯ್ದು ಅಡುಗೆಮನೆಯ ಸಿಂಕಿನ ಕೊಳವೆಗೋ ಒಳಗಿನ ಚರಂಡಿ ಕೊಳವೆಗೋ ಸೇರಿಸುವುದು ಮೊದಲ ಆಯ್ಕೆ. ಹೊರಗೆ ಒಯ್ಯಲೇಬೇಕಾದರೆ ಗಿಡ್ಡವಾಗಿ, ಕನಿಷ್ಠ 32 ಮಿ.ಮೀ. ದಪ್ಪದಲ್ಲಿ, ನೀರು ಸೇರದ ಹೊದಿಕೆ ಸುತ್ತಿ, ಮೀಟರಿಗೆ ಸುಮಾರು 5 ಸೆಂ.ಮೀ. ಇಳಿಜಾರು ಕೊಟ್ಟು ಒಯ್ಯಬೇಕು. ನಮ್ಮ ಹುಡುಗಿಯ ಮನೆಯದು ಸಪೂರ ಪೈಪು, ಹೊದಿಕೆ ಇಲ್ಲದೆ ಗೋಡೆಯುದ್ದಕ್ಕೂ ಬಹುತೇಕ ಮಟ್ಟಸವಾಗಿ ಮಲಗಿತ್ತು. ಎರಡು ದಿನದ ಮೇಲೆ ಬಂದವರು ಅದನ್ನು ಸಿಂಕಿನ ಕಡೆ ತಿರುಗಿಸಿ ಕೊಟ್ಟರಂತೆ.

"ಪ್ಲಾಸ್ಟಿಕ್ ಯಾಕೆ? ತಾಮ್ರ ಗಟ್ಟಿ ಅಲ್ವಾ? ನಮ್ಮ ಬಚ್ಚಲ ಹಂಡೆ ಅಜ್ಜನ ಕಾಲದ್ದು!" ಇದು ಅಡಿಕೆ ತೋಟದ ಮನೆಯ ಹುಡುಗನ ಪ್ರಶ್ನೆ. ಆ ನೀರು ಹುಳಿ ಮಗಾ, ಅಂದೆವು. ಹೊಗೆಯೊಳಗಿನ ಇಂಗಾಲದ ಡೈ ಆಕ್ಸೈಡೂ ನೈಟ್ರೋಜನ್ ಆಕ್ಸೈಡುಗಳೂ ಕರಗಿ ಅದರ ಪಿ.ಎಚ್. 3ರಿಂದ 5ರ ಆಸುಪಾಸಿಗೆ ಇಳಿದಿರುತ್ತದೆ. ಹುಣಸೆಹುಳಿ ತಾಮ್ರದ ಹಂಡೆಯನ್ನು ತಿಕ್ಕಿ ಫಳಫಳ ಮಾಡುತ್ತದಲ್ಲ, ಹುಳಿ ಅಲ್ಲಿ ಲೋಹದ ಮೈಯ ಮಾಸನ್ನು ಕರಗಿಸುತ್ತಿದೆ. ವರ್ಷಗಟ್ಟಲೆ ಹುಳಿನೀರು ಹರಿದರೆ ತಾಮ್ರವೂ ಸವೆಯುತ್ತದೆ, ಸಿಮೆಂಟೂ ಸವೆಯುತ್ತದೆ.

ಹತ್ತಿರ ಚರಂಡಿ ಇಲ್ಲದಿದ್ದರೆ? ಗೋಡೆಯಿಂದ ದೂರದಲ್ಲಿ ಇಂಗುಗುಂಡಿ ಮಾಡಿ ಸುಣ್ಣಕಲ್ಲಿನ ಚೂರು ತುಂಬಿ ನೀರನ್ನು ಅದರೊಳಗೆ ಬಿಡುತ್ತಾರೆ, ಅಂದೆವು. ಅದೇ ಹುಡುಗ ಎದ್ದು ನಿಂತ. "ಗೊತ್ತಾಯಿತು ಸಾರ್, ಬೋರ್ಡೋ!"

ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಸಿಂಪಡಿಸುವ ಮದ್ದು ಅದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ನೋಡಲು ಅವನ ಅಪ್ಪ ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದುತ್ತಾರೆ. ಕತ್ತಿಗೆ ಕೆಂಪು ತಾಮ್ರ ಹತ್ತಿದರೆ ಹುಳಿ ಉಳಿದಿದೆ, ಇನ್ನಷ್ಟು ಸುಣ್ಣ ಹಾಕಬೇಕು. ಹತ್ತದಿದ್ದರೆ ಹದ ಬಂದಿದೆ. ಹುಳಿಯನ್ನು ಸುಣ್ಣ ಕೊಲ್ಲುತ್ತದೆ ಎಂಬುದನ್ನು ಆ ಹುಡುಗನಿಗೆ ಕಲಿಸಬೇಕಾದದ್ದು ನಾವಲ್ಲ. ಅವನಿಗೆ ಗೊತ್ತಿದ್ದದ್ದಕ್ಕೆ ಒಂದು ಹೆಸರು ಕೊಟ್ಟೆವು, ಅಷ್ಟೇ. ತಟಸ್ಥೀಕರಣ.

ಮಿತ್ರರೇ, ಪ್ರತಿ ವರ್ಷ ಜೂನ್ ಒಂದರ ಮುಂಚೆ ನಾವು ಮನೆಮನೆಗೆ ಹೋಗುತ್ತೇವೆ. ಮಕ್ಕಳು ಕಡಿಮೆಯಾದರೆ ಡಿವಿಜನ್ ಹೋಗುತ್ತದೆ, ಡಿವಿಜನ್ ಹೋದರೆ ಹುದ್ದೆ ಹೋಗುತ್ತದೆ, ಗಡಿ ಆಚೆಯ ಕನ್ನಡ ಶಾಲೆಗಳ ಲೆಕ್ಕ ಇಷ್ಟು ಸರಳ. ಜಗಲಿಯಲ್ಲಿ ಕೂತ ತಂದೆತಾಯಿ ಕೇಳುತ್ತಾರೆ, "ಕನ್ನಡದಲ್ಲಿ ವಿಜ್ಞಾನ ಕಲಿತು ನಾಳೆ ಏನು ಮಾಡುವುದು?" ಅವರ ಆತಂಕ ಸುಳ್ಳಲ್ಲ. ಪ್ಲಸ್ ಟೂನಲ್ಲಿ ಇಂಗ್ಲಿಷು ಎದುರಾಗುತ್ತದೆ, ಮೊದಲ ಕೆಲವು ತಿಂಗಳು ಮಕ್ಕಳು ಒದ್ದಾಡುತ್ತಾರೆ. ಆ ಹುಡುಗಿಯೂ ಒದ್ದಾಡಿದ್ದಳು. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಆ ಬೆಳಿಗ್ಗೆ ಅವಳ ಕೈಯಲ್ಲಿದ್ದ ಇಂಗ್ಲಿಷ್ ಕೈಪಿಡಿ ಏನು ಮಾಡಬೇಕು ಅಂತ ಹೇಳಿತು. ಯಾಕೆ ಅಂತ ಕೇಳುವ ಅಭ್ಯಾಸ ಅವಳಿಗೆ ಇದೇ ಬೆಂಚಿನಲ್ಲಿ ಬಂದದ್ದು. ಯಾಕೆ ಎಂಬುದು ತಿಳಿದ ಮೇಲೆಯೇ ಅವಳು ಪೈಪು ಮುಟ್ಟಿದಳು.

ಈಗ ಗುಪ್ತೋಷ್ಣದ ಪಾಠ ಬಂದಾಗಲೆಲ್ಲ ಬೋರ್ಡಿನಲ್ಲಿ ಒಂದು ಬಾಯ್ಲರ್ ಬರೆಯುತ್ತೇವೆ. ಮಕ್ಕಳ ಕೆಲಸ ಒಂದೇ, ಅದರ ನೀರಿಗೆ ದಾರಿ ಬಿಡಿಸಿ ತೋರಿಸುವುದು. ಇಳಿಜಾರು ಮರೆತವರಿಗೆ ಅರ್ಧ ಅಂಕ ಕಡಿಮೆ!